ಯಾರ ಕೈಯ ನೀರು

ನಮ್ಮೂರಿನ ಹೆಸರು ಸಾಂತಾ ರುಫಿನಾ. ನಮ್ಮಣ್ಣ ಫೆರ್ಮಿನ್ ಮಾತ್ರ ಸಾಯುವವರೆಗೂ ಬರೀ ರುಫಿನಾ ಎಂದೇ ಹೇಳಿದ, ಹಾಗೆಯೇ ಬರೆದ. ಊರಿನ ಹೆಸರಿನಲ್ಲೂ ಒಬ್ಬ ಸಂತಳು ಬಂದು ಕೂತಿರುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಇದರಿಂದಾಗಿ ಅವನ ಔಷಧಿ ಅಂಗಡಿಗೆ ಬರಬೇಕಾದ ಪೆಟ್ಟಿಗೆಗಳು ಎಷ್ಟೋ ಸಲ ಬ್ರೆಜಿಲ್ ಗಡಿಯವರೆಗೂ ಹೋಗಿ ಅಲೆದಾಡಿಕೊಂಡು ಬರುತ್ತಿದ್ದವು. ಅಷ್ಟಾದರೂ ಬುದ್ಧಿ ಬಂತೇ? ಎಲ್ಲಿಂದ ಬರಬೇಕು!

ನಮ್ಮಪ್ಪ ಇಟಲಿಯಿಂದ ಬಂದ ಕಲ್ಲುಕುಟಿಗ. ಊರೂರಿನ ಸಮಾಧಿಗಳಿಗೆ ಶಿಲುಬೆ ಕೆತ್ತಿ ಕೆತ್ತಿ ಇದ್ದಬದ್ದ ನಂಬಿಕೆಯನ್ನೆಲ್ಲ ಕಳೆದುಕೊಂಡವನು. ಹಾಗಾಗಿ ನಮ್ಮಿಬ್ಬರಿಗೂ ಜ್ಞಾನಸ್ನಾನ ಆಗಲಿಲ್ಲ, ಪ್ರಾರ್ಥನೆ ಬರಲಿಲ್ಲ, ಭಾನುವಾರ ಎಂದರೆ ಬಟ್ಟೆ ಒಗೆಯುವ ದಿನ. ನಾನು ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ದೇವರಿಲ್ಲದ ಮನೆಯಲ್ಲಿ ಹುಟ್ಟಿದೆ, ದೇವರಿಲ್ಲದೆಯೇ ಮುದುಕಿಯಾದೆ.

ಆದರೆ ದೇವರಿಲ್ಲ ಎನ್ನುವವರಲ್ಲೂ ಬಗೆಬಗೆಯವರಿದ್ದಾರೆ ನೋಡಿ. ನನ್ನ ಕರ್ಮಕ್ಕೆ ಎರಡು ಬಗೆಯವರೂ ನಮ್ಮ ಮನೆಯಲ್ಲೇ ಇದ್ದರು. ಒಬ್ಬ ಅಣ್ಣ, ಇನ್ನೊಬ್ಬ ಗಂಡ.

ಅಣ್ಣ ಊರಿನ ಮುಕ್ತಚಿಂತಕರ ಸಂಘದ ಅಧ್ಯಕ್ಷ. ಪ್ರತಿ ವರ್ಷ ಶುಭ ಶುಕ್ರವಾರದಂದು, ಭಕ್ತರೆಲ್ಲ ಮಾಂಸ ಬಿಟ್ಟು ಒಪ್ಪತ್ತು ಮೀನು ತಿನ್ನುವ ದಿನ, ಇವನ ಸಂಘದವರು ಚರ್ಚಿನ ಎದುರಿನ ಚೌಕದಲ್ಲಿ ಕೆಂಡ ಹಾಕಿ ಆಕಳ ಪಕ್ಕೆಲುಬು ಸುಡುತ್ತಿದ್ದರು. ಏಸುವಿನ ಮೆರವಣಿಗೆ ಚರ್ಚಿನಿಂದ ಹೊರಬೀಳುವ ಹೊತ್ತಿಗೆ ಸರಿಯಾಗಿ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಏಳಬೇಕು. ಅಣ್ಣ ಕುರ್ಚಿಯ ಮೇಲೆ ನಿಂತು ಭಾಷಣ ಮಾಡಬೇಕು. ಆಸ್ಪತ್ರೆಗಳ ಗೋಡೆಯಿಂದ ಸರ್ಕಾರ ಶಿಲುಬೆಗಳನ್ನು ಇಳಿಸಿ ಆಗಿನ್ನೂ ಕೆಲವೇ ವರ್ಷ. ಇನ್ನೇನು ನಾಳೆ ಬೆಳಿಗ್ಗೆ ಊರಿಗೂರೇ ಎಚ್ಚೆತ್ತುಬಿಡುತ್ತದೆ ಎಂದು ಅವನಿಗೆ ಖಾತ್ರಿ.

ನನ್ನ ಗಂಡ ಬಾಲ್ಬಿನೊ ಸರ್ಕಾರಿ ಶಾಲೆಯ ಮೇಷ್ಟ್ರು. ಅವನೂ ಸಂಘದ ಸದಸ್ಯನೇ, ದೇವರ ವಿಷಯದಲ್ಲಿ ಅಣ್ಣನಿಗೂ ಅವನಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಆದರೆ ಮೆರವಣಿಗೆ ಹತ್ತಿರ ಬಂದರೆ ಟೋಪಿ ತೆಗೆಯುತ್ತಿದ್ದ. ಪಾದ್ರಿ ಎಲಿಸಿಯೊ ಜೊತೆ ಇಸ್ಪೀಟು ಆಡುತ್ತಿದ್ದ. ಮುದುಕಿಯರು ಸಿಕ್ಕಿದರೆ, "ನಿಮ್ಮ ಪ್ರಾರ್ಥನೇಲಿ ನನ್ನ ಹೆಸರೂ ಇರ್ಲಿ ಅಜ್ಜೀ" ಎನ್ನುತ್ತಿದ್ದ. ಅವರು ಕರಗಿ ನೀರಾಗುತ್ತಿದ್ದರು. ಆಮೇಲೆ ಮನೆಗೆ ಬಂದು ಬೂಟು ಕಳಚುತ್ತಾ, "ಪಾಪ, ಅಷ್ಟಾದ್ರೂ ಸಮಾಧಾನ ಬೇಡ್ವಾ ಅವಕ್ಕೆ" ಎಂದು ನಗುತ್ತಿದ್ದ. ಆ "ಪಾಪ" ಕೇಳಿದರೆ ನನಗೆ ಯಾಕೋ ಮೈ ಉರಿಯುತ್ತಿತ್ತು.

"ನೀನು ಅವರನ್ನ ಮಕ್ಕಳ ಥರ ನೋಡ್ತೀಯ ಮೇಷ್ಟ್ರೇ," ಎಂದು ಅಣ್ಣ ಛೇಡಿಸುತ್ತಿದ್ದ.

"ನೀನು ಶತ್ರುಗಳ ಥರ ನೋಡ್ತೀಯಲ್ಲ ಭಾವ, ಅದು ಮೇಲಾ?"

"ಶತ್ರು ಅಂದ್ರೆ ನನ್ನ ಸರಿಸಮಕ್ಕೆ ನಿಂತೋನು. ಮಕ್ಕಳ ಜೊತೆ ಯಾರಾದ್ರೂ ಯುದ್ಧ ಮಾಡ್ತಾರಾ?"

ಇಬ್ಬರೂ ನನ್ನ ಊಟದ ಮೇಜಿನ ಮೇಲೆ ಈ ಜಗಳ ಆಡಿ ಆಡಿ, ಕೊನೆಗೆ ತಟ್ಟೆ ತೊಳೆಯುವವಳು ನಾನು.

ಇಂಥ ಫೆರ್ಮಿನ್ ಮದುವೆಯಾದದ್ದು ಯಾರನ್ನು? ಕಾಸಿಲ್ದಾಳನ್ನು. ದನದ ಹುಲ್ಲುಗಾವಲಿನ ಕಡೆಯ ಹುಡುಗಿ, ಮೂರು ಹೊತ್ತೂ ಜಪಮಣಿ ಎಣಿಸುವವಳು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರಲ್ಲ, ಕಿವಿಯೂ ಇಲ್ಲ ಎಂದು ನಾನು ಆಗ ಅಂದುಕೊಂಡೆ. ಆದರೆ ಇಬ್ಬರೂ ಮೊದಲೇ ಕೂತು ಕರಾರು ಮಾಡಿಕೊಂಡಿದ್ದರು. ಅವನು ಅವಳಿಗೋಸ್ಕರ ಒಂದೇ ಒಂದು ಸಲ ಚರ್ಚಿನೊಳಗೆ ಕಾಲಿಟ್ಟು ಪಾದ್ರಿಯ ಮುಂದೆ ನಿಲ್ಲಬೇಕು. ಅವಳು ಹುಟ್ಟುವ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಬಾರದು, ದೊಡ್ಡವರಾದ ಮೇಲೆ ಬೇಕಿದ್ದರೆ ಅವರೇ ಮಾಡಿಸಿಕೊಳ್ಳಲಿ. ಇವನು ನಿಂತ. ಅವಳೂ ಮಾತು ಉಳಿಸಿಕೊಂಡಳು. ಹೆಣ್ಣುಮಗು ಹುಟ್ಟಿದಾಗ ಅಣ್ಣ ನೋಂದಣಿ ಕಚೇರಿಗೆ ಹೋಗಿ ಲಿಬೆರ್ತಾದ್, ಅಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟು ಬಂದ. ತೊಟ್ಟಿಲು ತೂಗುವಾಗ ಕಾಸಿಲ್ದಾ ಮೆಲ್ಲಗೆ "ಮರಿಯಾ" ಎನ್ನುತ್ತಿದ್ದಳು. ಅವನು ಕೇಳಿಸದವನಂತೆ ಪೇಪರು ಓದುತ್ತಿದ್ದ.

ಅವರ ಜಗಳ ಕೇಳಲು ಚೆಂದ ಇರುತ್ತಿತ್ತು. ಅವಳೇನು ಬಾಯಿ ಸತ್ತವಳಲ್ಲ. ಅವನು ದೊಡ್ಡ ದೊಡ್ಡ ಪುಸ್ತಕ ತಂದು ಚರ್ಚಿನ ಕಾನೂನನ್ನೇ ಅವಳ ಮುಂದೆ ಓದಿ, "ನೋಡು, ನಿಮ್ಮವರೇ ಹೀಗೆ ಬರ್ಕೊಂಡಿದ್ದಾರೆ" ಎಂದು ಹಿಡಿಯಲು ನೋಡುವನು. ಅವಳು ಹಿಟ್ಟು ನಾದುತ್ತಲೇ, "ಅಷ್ಟೊಂದು ಓದೋನು ಒಂದಲ್ಲ ಒಂದಿನ ಬಲೆಗೆ ಬೀಳ್ತಾನೆ ಬಿಡು" ಎನ್ನುವಳು. ಅವನು ಗಹಗಹಿಸಿ ನಗುವನು. ಗಂಡಹೆಂಡತಿ ಎಂದರೆ ಇವರಪ್ಪಾ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಒಂದೇ ಒಂದು ಸಲ ಮಾತ್ರ ಅವಳು ನಗಲಿಲ್ಲ. ನಮ್ಮೂರಿನ ಜೀನು ಹೊಲಿಯುವವನೊಬ್ಬ ತನ್ನ ಕಮಾದ್ರೆಯ ಜೊತೆ ಓಡಿಹೋಗಿದ್ದ. ಮಗುವಿನ ತಲೆಗೆ ನೀರು ಹಾಕಿದವನು ಆ ಮಗುವಿನ ತಾಯ್ತಂದೆಗೆ ಕಂಪಾದ್ರೆ ಆಗುತ್ತಾನೆ. ಅವನಿಗೆ ಆ ತಾಯಿ ಕಮಾದ್ರೆ. ಸಾಯುವ ತನಕ ಒಬ್ಬರಿಗೊಬ್ಬರು "ನೀವು" ಎಂದೇ ಅನ್ನಬೇಕು, ಎದುರು ಸಿಕ್ಕರೆ ಕುದುರೆ ಇಳಿದು ಮಾತಾಡಿಸಬೇಕು. ಅಂಥವರಿಬ್ಬರು ಹಾಸಿಗೆ ಹಂಚಿಕೊಂಡರೆ ಶುಕ್ರವಾರ ಶುಕ್ರವಾರ ಬೆಂಕಿಯ ಉಂಡೆಗಳಾಗಿ ಹೊಳೆದಂಡೆಯಲ್ಲಿ ಉರುಳುತ್ತಾರಂತೆ.

"ಒಳ್ಳೇದೇ ಆಯ್ತಲ್ಲ, ದೀಪದೆಣ್ಣೆ ಉಳೀತು," ಎಂದ ಅಣ್ಣ.

ಕಾಸಿಲ್ದಾ ಹಿಟ್ಟಿನ ಕೈ ಮೇಲೆತ್ತಿ ಅವನನ್ನೇ ನೋಡಿದಳು. "ನಗಬೇಡ ಫೆರ್ಮಿನ್. ಕಂಪಾದ್ರೆ ಅಂದ್ರೆ ಒಡಹುಟ್ಟಿದೋನಿಗಿಂತ ಹೆಚ್ಚು. ಅವನ ಜೊತೆ ಮಲಗೋದಕ್ಕಿಂತ ಅಣ್ಣನ ಜೊತೆ ಮಲಗೋದು ಮೇಲು."

"ಇದು ಯಾವ ಪುಸ್ತಕದಲ್ಲಿದೆ?"

"ನಮ್ಮಮ್ಮನ ಬಾಯಲ್ಲಿತ್ತು."

ಪುಸ್ತಕದಲ್ಲಿಲ್ಲದ್ದು ಎಂದ ಮೇಲೆ ಅಣ್ಣ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಮಗುವಿಗೆ ಮೂರು ತುಂಬಿದ ವರ್ಷ ಪವಿತ್ರ ವಾರದಲ್ಲಿ ಉರುಗ್ವಾಯ್ ಹೊಳೆ ಉಕ್ಕಿತು. ಕೆಳಬೀದಿಯ ಮನೆಗಳ ಕಿಟಕಿಯವರೆಗೆ ನೀರು. ಅದೇ ವಾರ ಊರಿಗೆ ಗಂಟಲಮಾರಿ ಹೊಕ್ಕಿತು. ಗಂಟಲಲ್ಲಿ ಬಿಳೀ ಪೊರೆ ಕಟ್ಟಿ ಮಕ್ಕಳು ಉಸಿರು ಸಿಕ್ಕದೆ ಸಾಯುತ್ತಿದ್ದವು. ಅದಕ್ಕೆ ಚುಚ್ಚುಮದ್ದು ಇತ್ತು. ಅಣ್ಣ ತಂತಿ ಕಳಿಸಿ ತರಿಸಿಯೂ ಇದ್ದ. ಮದ್ದು ಹೊತ್ತ ಹಡಗು ಪ್ರವಾಹಕ್ಕೆ ಹೆದರಿ ಕೆಳಗಿನ ರೇವಿನಲ್ಲೇ ಲಂಗರು ಹಾಕಿ ನಿಂತಿತ್ತು. ಪಾದ್ರಿ ಎಲಿಸಿಯೊ ಹಳ್ಳಿ ಕಡೆಯ ಸಣ್ಣ ಚರ್ಚೊಂದಕ್ಕೆ ಪೂಜೆಗೆ ಹೋದವನು ಹಳ್ಳ ದಾಟಲಾಗದೆ ಅತ್ತಲೇ ಉಳಿದಿದ್ದ. ಮದ್ದೂ ಇಲ್ಲ, ಪಾದ್ರಿಯೂ ಇಲ್ಲ. ಮಂಗಳವಾರ ಲಿಬೆರ್ತಾದಳ ಮೈ ಬಿಸಿಯಾಯಿತು.

ಊರಿನವರು ಸುಮ್ಮನಿರುತ್ತಾರೆಯೇ? ಹೋದ ವರ್ಷ ಏಸುವಿನ ಮುಖಕ್ಕೆ ಮಾಂಸದ ಹೊಗೆ ಬಿಟ್ಟನಲ್ಲ, ಈಗ ಅನುಭವಿಸಲಿ ಎಂದು ಬಾವಿಕಟ್ಟೆಯಲ್ಲಿ ಮಾತು. ಮೂರು ವರ್ಷದ ಮಗುವಿನ ಗಂಟಲು ಹಿಸುಕಿ ಸೇಡು ತೀರಿಸಿಕೊಳ್ಳುವ ದೇವರು ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಾನು ಒಬ್ಬಳ ಮುಖಕ್ಕೆ ಹೊಡೆದಂತೆ ಹೇಳಿ ಬಂದೆ. ಮಾತು ಅಣ್ಣನ ಕಿವಿಗೂ ಬಿತ್ತು. ಅವನು ಹಗಲೂ ರಾತ್ರಿ ಮಗುವಿನ ಗಂಟಲಿಗೆ ಹಬೆ ಹಿಡಿದು ಕೂತಿದ್ದ.

ಶುಕ್ರವಾರ ಮಧ್ಯಾಹ್ನ ಸಂಘದವರು ಬಾಗಿಲಿಗೆ ಬಂದರು. ಪಾದ್ರಿ ಇಲ್ಲದಿದ್ದರೂ ಭಕ್ತರು ತಾವೇ ಮೆರವಣಿಗೆ ಹೊರಡಿಸುತ್ತಿದ್ದಾರೆ, ಕೆಂಡ ಸಿದ್ಧವಾಗಿದೆ, ಅಧ್ಯಕ್ಷ ಬರದಿದ್ದರೆ ಹೆದರಿ ಅಡಗಿದ ಎನ್ನುತ್ತಾರೆ. "ಒಂದೇ ಒಂದು ಗಳಿಗೆ, ಮುಖ ತೋರಿಸಿ ಬಂದ್ಬಿಡು" ಎಂದರು. ಅಣ್ಣ ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಹೋಗು," ಎಂದಳಂತೆ ಕಾಸಿಲ್ದಾ. "ಹೋಗಿ ಬಾ."

ಅವಳು ಕಳಿಸಿದ್ದು ಯಾಕೆಂದು ಅವನಿಗೆ ಹೊಳೆಯಲಿಲ್ಲ. ಅವನು ಚೌಕದ ಕಡೆ ತಿರುಗಿದ್ದೇ ತಡ, ಅವಳು ಪಕ್ಕದ ಮನೆಯ ಹುಡುಗನ ಕೈಲಿ ಬಾಲ್ಬಿನೊನಿಗೆ ಹೇಳಿಕಳಿಸಿದಳು.

ಅವಳಿಗೆ ಇದ್ದದ್ದು ಒಂದೇ ಭಯ. ನೀರು ಬೀಳದೆ ಸತ್ತ ಮಗು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ. ನಡುವೆ ಎಲ್ಲೋ ಒಂದು ಮಬ್ಬು ಜಾಗದಲ್ಲಿ ಉಳಿದುಬಿಡುತ್ತದೆ. ಅಮ್ಮ ಎಷ್ಟೇ ಪುಣ್ಯ ಮಾಡಿ ಸತ್ತರೂ ಅಲ್ಲಿಗೆ ಹೋಗುವಂತಿಲ್ಲ, ಮಗಳು ಅಲ್ಲಿಂದ ಬರುವಂತಿಲ್ಲ. ಸಾವನ್ನಾದರೂ ನುಂಗಿಕೊಂಡಾಳು, ಇನ್ನೆಂದೆಂದಿಗೂ ಸಿಗುವುದಿಲ್ಲ ಎನ್ನುವುದನ್ನು ಅವಳು ಹೇಗೆ ನುಂಗಬೇಕು? ಪಾದ್ರಿ ಇಲ್ಲದಿದ್ದಾಗ ಯಾರು ಬೇಕಾದರೂ ನೀರು ಹಾಕಬಹುದು. ತಾಯಿ ಹಾಕಿದರೆ? ಆಗ ಅವಳೇ ತನ್ನ ಗಂಡನಿಗೆ ಕಮಾದ್ರೆ ಆಗಿಬಿಡುತ್ತಾಳೆ. ಅದಕ್ಕೇ ಅವಳು ತಂಬಿಗೆ ಮುಟ್ಟದೆ ಮೂರು ದಿನ ಕೈ ಹಿಚುಕಿಕೊಂಡು ಕೂತಿದ್ದು. ಮಗಳೂ ಬೇಕು, ಗಂಡನೂ ಬೇಕು ಅವಳಿಗೆ. ಅದೇನು ದುರಾಸೆಯೇ?

ಬಾಲ್ಬಿನೊನನ್ನೇ ಯಾಕೆ ಕರೆದಳು ಎಂದರೆ, ಅವನು ಟೋಪಿ ತೆಗೆಯುತ್ತಿದ್ದನಲ್ಲ, ಅದಕ್ಕೆ. ಅವಳ ಲೆಕ್ಕದಲ್ಲಿ ಅವನು ಅರ್ಧ ಅವಳ ಕಡೆಯವನು. ಊರ ಹೆಂಗಸರನ್ನು ಕರೆದಿದ್ದರೆ ಸಂಜೆಯೊಳಗೆ ಬಾವಿಕಟ್ಟೆಗೆಲ್ಲ ಗೊತ್ತಾಗುತ್ತಿತ್ತು.

"ಬಾಲ್ಬಿನೊ ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಮೂರು ಸಲ ನೀರು, ನಾಲ್ಕು ಮಾತು. ಮರಿಯಾ ಅನ್ನು. ನಾನು ಬೀದಿ ಬಾಗಿಲಲ್ಲಿ ನಿಂತಿರ್ತೀನಿ, ಅವನು ಬಂದ್ರೆ ಕೆಮ್ಮುತೀನಿ."

"ಅಷ್ಟಕ್ಕೆ ಯಾಕಮ್ಮಾ ಕಾಲಿಗೆ ಬೀಳ್ತೀಯ? ಆಗ್ಲಿ," ಎಂದು ಅವಳ ತಲೆ ನೇವರಿಸಿ ಒಳಗೆ ಹೋದನಂತೆ ನನ್ನ ಗಂಡ.

ನನ್ನ ಮನೆಯಲ್ಲೂ ಎಳೆ ಮಕ್ಕಳಿದ್ದುದರಿಂದ ಅಣ್ಣ ನನ್ನನ್ನು ರೋಗದ ಕೋಣೆಗೆ ಬಿಡುತ್ತಿರಲಿಲ್ಲ. ಆದರೂ ಸಾರು ಕಾಯಿಸಿಕೊಂಡು ಆ ಹೊತ್ತಿಗೆ ಅಲ್ಲಿಗೆ ಹೋದೆ. ಒಳಗೆ ಬಂದರೆ ಏನು ನೋಡುವುದು! ಕಾಸಿಲ್ದಾ ಅಂಗಳದ ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ಬಿಳೀ ಕಾಗದ ಇಟ್ಟುಕೊಂಡು ಕತ್ತರಿಯಿಂದ ರೆಕ್ಕೆ ಕತ್ತರಿಸುತ್ತಿದ್ದಳು. ಮಗು ಒಳಗೆ ಇನ್ನೂ ಗೊರಗೊರ ಅನ್ನುತ್ತಿತ್ತು.

"ಅತ್ತಿಗೇ, ಇದೇನಿದು? ಮಗು ಇನ್ನೂ ಇದೆ!"

"ಇದೆ. ಇರೋ ಅಷ್ಟು ಹೊತ್ತು ಇರ್ತಾಳೆ." ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಬಿಚ್ಚಿಕೊಂಡಿತ್ತು. "ನೀರು ಬಿತ್ತು ಎದೆಲ್ಮಿರಾ. ನಿನ್ನ ಗಂಡ ಪುಣ್ಯಾತ್ಮ. ಇನ್ನು ಅವಳು ದೇವದೂತೆ. ದೇವದೂತೆಗೆ ಅಳಬಾರದು, ಅತ್ತರೆ ರೆಕ್ಕೆ ಒದ್ದೆಯಾಗುತ್ತೆ, ಮೇಲೆ ಹಾರಕ್ಕಾಗಲ್ಲ. ಅದಕ್ಕೇ ಈಗ್ಲೇ ಕೈಗೆ ಕೆಲಸ ಕೊಟ್ಕೊಂಡಿದೀನಿ."

ಆಮೇಲೆ ರೆಕ್ಕೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆ ಹೋದಳು. ನಾನು ಹಿತ್ತಲಿನ ಬಾವಿಯ ಕಡೆ ಹೋದೆ. ಬಾಲ್ಬಿನೊ ಅಲ್ಲಿ ಸಿಗರೇಟು ಸೇದುತ್ತಾ ನಿಂತಿದ್ದ. ಅಷ್ಟು ವರ್ಷದ ದಾಂಪತ್ಯದಲ್ಲಿ ಅವನ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಉಕ್ಕಿರಲಿಲ್ಲ. ಅವನ ಕೈ ಹಿಡಿದುಕೊಂಡೆ.

"ಒಳ್ಳೇ ಕೆಲಸ ಮಾಡ್ದೆ ಕಣೋ."

ಅವನು ಹೊಗೆ ಬಿಟ್ಟು ನಕ್ಕ. "ಮಾಡೋದೇನು ಬಂತು. ಹೋದೆ, ಸ್ವಲ್ಪ ಹೊತ್ತು ನಿಂತೆ, ಬಂದೆ. ಆಯ್ತಮ್ಮ ಅಂದೆ."

"ಅಂದ್ರೆ?"

"ಅಂದ್ರೆ ಏನು? ಫೆರ್ಮಿನ್‌ಗೆ ಗೊತ್ತಿಲ್ದೆ ಅವನ ಮಗೂಗೆ ಆ ಶಾಸ್ತ್ರ ಮಾಡೋದು ಸರಿಯಾ? ಅವಳಿಗೆ ಬೇಕಾಗಿದ್ದು ಸಮಾಧಾನ, ಸಿಕ್ತು. ಅವನಿಗೆ ಬೇಕಾಗಿದ್ದು ಕರಾರು, ಮುರೀಲಿಲ್ಲ. ನೀರು ಹಾಕಿದ್ರೂ ಅಷ್ಟೇ, ಹಾಕಿದೀನಿ ಅಂದ್ರೂ ಅಷ್ಟೇ ಅಲ್ವಾ ನಮ್ಗೆ?"

ನನ್ನ ಕೈ ತಾನಾಗಿ ಬಿಟ್ಟುಹೋಯಿತು. "ನಮ್ಗೆ ಅಷ್ಟೇ ಕಣೋ ಪಾಪಿ. ಅವಳಿಗೆ? ಅವಳು ಸಾಯೋ ತನಕ ಮಗಳನ್ನ ಸೇರ್ತೀನಿ ಅಂತ ಕಾಯ್ತಾ ಕೂರ್ತಾಳಲ್ಲೋ!"

"ಕೂರ್ಲಿ ಬಿಡು. ಗೊತ್ತಾಗೋದು ಹೇಗೆ? ಸತ್ತ ಮೇಲೆ ಏನೂ ಇಲ್ವಲ್ಲ, ಮೋಸ ಆಯ್ತು ಅಂತ ಗೊತ್ತಾಗೋಕೆ ಅವಳೂ ಇರಲ್ಲ. ಪಾಪ."

ಹಿಂದಿನಿಂದ ಸುಟ್ಟ ಕೊಬ್ಬಿನ ವಾಸನೆ ಬಂತು. ತಿರುಗಿದೆ. ಅಣ್ಣ ನಿಂತಿದ್ದ. ಚೌಕದಿಂದ ಹಿತ್ತಲ ದಾರಿಯಲ್ಲೇ ಓಡಿ ಬಂದಿದ್ದನೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ನಾನು ಅಂದುಕೊಂಡೆ, ಒಳಗೆ ನುಗ್ಗಿ ಹೆಂಡತಿಯ ಮೇಲೆ ಹೋಗುತ್ತಾನೆ, ಬೆನ್ನ ಹಿಂದೆ ಕರಾರು ಮುರಿದಳಲ್ಲ ಎಂದು. ಇಲ್ಲ. ಅವನು ಬಾಲ್ಬಿನೊನ ಕೊರಳ ಪಟ್ಟಿ ಹಿಡಿದ.

"ನನ್ನ ಹೆಂಡತೀನ ಏನಂದ್ಕೊಂಡೆ ನೀನು? ದಡ್ಡಿ ಅಂದ್ಕೊಂಡ್ಯಾ? ನಾನು ಏಳು ವರ್ಷದಿಂದ ಅವಳ ಜೊತೆ ಹೊಡೆದಾಡ್ತಿದೀನಿ ಯಾಕೆ? ಅವಳು ಹೇಳಿದ್ದನ್ನ ನಿಜವಾಗ್ಲೂ ಹೇಳ್ತಾಳೆ ಅಂತ! ನೀನು ಒಂದು ದಿನಾನೂ ಅವಳ ಮಾತನ್ನ ಮಾತು ಅಂತ ಕೇಳ್ಲಿಲ್ವಲ್ಲೋ. ಬೊಂಬೆ ಕೊಟ್ಟು ಬಾಯಿ ಮುಚ್ಚಿಸ್ದೆ. ಆಗಲ್ಲ ಅನ್ನೋದಿತ್ತು! ಮುಖ ನೋಡಿ ಆಗಲ್ಲ ಅಂದಿದ್ರೆ ಬೇರೆ ಯಾರನ್ನಾದ್ರೂ ಕರೀತಿದ್ಲು!"

"ಮೆಲ್ಲಗೆ ಭಾವ, ಕೇಳಿಸುತ್ತೆ ಅವಳಿಗೆ..."

ಅಷ್ಟರಲ್ಲಿ ಒಳಗಿನ ಗೊರಗೊರ ಸದ್ದು ನಿಂತಿತು. ಆಮೇಲೆ ಕೋಳಿಮರಿಯ ಕತ್ತು ಹಿಡಿದಾಗ ಬರುವಂಥ ಒಂದು ಸಣ್ಣ ಸದ್ದು. ಅಣ್ಣ ಕೊರಳ ಪಟ್ಟಿ ಬಿಟ್ಟ. ಮರುಗಳಿಗೆ ಬಾವಿಕಟ್ಟೆಯ ಮೇಲಿದ್ದ ನೀರಿನ ತಂಬಿಗೆ ಕಿತ್ತುಕೊಂಡು ಒಳಗೆ ನುಗ್ಗಿದ.

ನಾನು ಹಿಂದೆಯೇ ಓಡಿದೆ. ಓಡುವಾಗ ಕೇಳಿಸಿತು, ಅಣ್ಣನ ದನಿ: "ಕಾಸಿಲ್ದಾ, ಅವನು ಹಾಕಿಲ್ಲ. ಸುಳ್ಳು ಹೇಳ್ದ. ಮಗು ತಲೆ ಎತ್ತಿ ಹಿಡಿ, ನಾನು ಹಾಕ್ತೀನಿ."

ಅವಳು ಕಿರುಚಿದ್ದು ಇಡೀ ಬೀದಿಗೆ ಕೇಳಿಸಿರಬೇಕು. "ನೀನಲ್ಲ! ನೀನು ಬೇಡ ಫೆರ್ಮಿನ್! ಎದೆಲ್ಮಿರಾನ ಕರಿ, ಅಂಗಳದಲ್ಲಿದಾಳೆ, ಎದೆಲ್ಮಿರಾ!"

"ಯಾರ ಕೈಯಾದ್ರೂ ನಡೆಯುತ್ತೆ ಕಣೇ! ತುರ್ಕಿಯವನಾದ್ರೂ, ನಾಸ್ತಿಕನಾದ್ರೂ! ನಿಮ್ಮ ಕಾನೂನೇ ಹೇಳುತ್ತೆ, ನಾನು ಓದಿದೀನಿ!"

ತನ್ನ ಕೈ ಮೈಲಿಗೆ ಎಂದು ಅವಳು ಬೇಡ ಅನ್ನುತ್ತಿದ್ದಾಳೆ ಎಂದುಕೊಂಡ ಅವನು. ಶುಭ ಶುಕ್ರವಾರ ಮಾಂಸ ಮುಟ್ಟಿದ ಕೈ, ಏಸುವಿನ ಮೇಲೆ ಹೊಗೆ ಬಿಟ್ಟ ಕೈ. ಜೀವನದಲ್ಲಿ ಮೊದಲ ಸಲ ಅವಳ ಪರವಾಗಿ ಚರ್ಚಿನ ಕಾನೂನು ಹಿಡಿದು ವಾದ ಮಾಡುತ್ತಿದ್ದ, ಗೆದ್ದೇಬಿಟ್ಟ. ನಾನು ಬಾಗಿಲು ಮುಟ್ಟುವಾಗ ಮೂರನೆಯ ಸಲದ ನೀರು ಬೀಳುತ್ತಿತ್ತು. "ಲಿಬೆರ್ತಾದ್ ಮರಿಯಾ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದ. ಒಂದಕ್ಷರ ತಪ್ಪಲಿಲ್ಲ. ತೊಟ್ಟಿಲ ಬದಿಯಲ್ಲಿ ಅವಳು ಗುಟ್ಟಾಗಿ ಅನ್ನುತ್ತಿದ್ದ ಆ ಹೆಸರನ್ನು ಅವನು ಅಷ್ಟು ವರ್ಷ ಕೇಳಿಸಿಕೊಂಡೇ ಇದ್ದ ಎಂದು ಆಗ ಗೊತ್ತಾಯಿತು.

ಮಗು ಒಂದು ಸಲ ಬಾಯಿ ತೆರೆಯಿತು. ಮುಚ್ಚಲಿಲ್ಲ.

ಕಾಸಿಲ್ದಾ ಅದರ ಮೂಗಿನ ಹತ್ತಿರ ಕೆನ್ನೆ ಇಟ್ಟು ಬಹಳ ಹೊತ್ತು ಕಾದಳು. ಕಣ್ಣು ಮುಚ್ಚಿಸಿದಳು. ಹಣೆಯ ಮೇಲಿನ ನೀರನ್ನು ಒರೆಸಲಿಲ್ಲ. ಆಮೇಲೆ ಎದ್ದು ನಿಂತು, ಪರಸ್ಥಳದವರ ಮುಂದೆ ಮಾಡುವಂತೆ ಶಾಲು ಸರಿಮಾಡಿಕೊಂಡಳು.

"ದೊಡ್ಡ ಉಪಕಾರ ಮಾಡಿದ್ರಿ, ಕಂಪಾದ್ರೆ. ಇನ್ನು ನೀವು ಹೊರಗಿರಿ. ಮಗೂಗೆ ಬಟ್ಟೆ ತೊಡಿಸ್ಬೇಕು."

ಅಣ್ಣ ಖಾಲಿ ತಂಬಿಗೆ ಹಿಡಿದು ಅವಳನ್ನೇ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ. ನನಗೆ ಜೀನಗಾರನ ಕಥೆ ನೆನಪಾಯಿತು. ಅವನಿಗೂ ನೆನಪಾಗುವುದನ್ನು ನಾನು ಅವನ ಮುಖದಲ್ಲಿ ಕಂಡೆ.

ನಮ್ಮ ಕಡೆಯ ರೂಢಿಯಂತೆ ಮಗುವಿಗೆ ಬಿಳೀ ಬಟ್ಟೆ ಉಡಿಸಿ, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿ, ಮೇಜಿನ ಮೇಲೆ ಕೂರಿಸಿದರು. ಹೆಂಗಸರು ಬಂದು ಸಿಹಿ ಹಂಚಿದರು. ಕಾಸಿಲ್ದಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎದೆ ಒಡೆದುಕೊಂಡು ಅತ್ತವನು ಅಣ್ಣ ಒಬ್ಬನೇ. ಹೆಂಗಸರು, "ಅಳಬೇಡಪ್ಪಾ, ರೆಕ್ಕೆ ಒದ್ದೆಯಾಗುತ್ತೆ" ಎಂದು ಗದರಿಸಿದರು. ದೊಡ್ಡ ನಾಸ್ತಿಕ, ಊರ ಚೌಕದಲ್ಲಿ ಕುರ್ಚಿ ಹತ್ತಿ ಗುಡುಗಿದವನು, ಎದ್ದು ಹಿತ್ತಲಿಗೆ ಹೋಗಿ ಬಾವಿಯೊಳಗೆ ತಲೆ ಹಾಕಿ ಅತ್ತ.

ನೀರು ಇಳಿದು ಪಾದ್ರಿ ಎಲಿಸಿಯೊ ಊರಿಗೆ ಬಂದ ದಿನವೇ ಅಣ್ಣ ಅವನ ಮನೆ ಬಾಗಿಲು ತಟ್ಟಿದ. ಟೋಪಿ ಕೈಯಲ್ಲಿತ್ತು. ಇದನ್ನು ಊರೆಲ್ಲ ನೋಡಿತು, ಎಷ್ಟೋ ವರ್ಷ ಆಡಿಕೊಂಡಿತು. ಆಡಿಕೊಳ್ಳಲಿ. ಪಾದ್ರಿ ಒಳ್ಳೆಯವನೇ, ಪಾಪ, ತಕ್ಷಣ ಹೊರಟು ಬಂದ. ನಾನೂ ಅಲ್ಲೇ ಇದ್ದೆ.

"ನೋಡು ಮಗಳೇ, ಜೀವ ಹೋಗೋ ಗಳಿಗೇಲಿ ಬೇರೆ ಯಾರೂ ಸಿಗದೆ ತಂದೆ ನೀರು ಹಾಕಿದ್ರೆ ಆ ಸಂಬಂಧ ಹುಟ್ಟೋದೇ ಇಲ್ಲ. ಚರ್ಚಿನ ಕಾನೂನೇ ಹಾಗೆ ಹೇಳುತ್ತೆ. ಇವನು ನಿನ್ನ ಗಂಡ. ಏನೂ ಕೆಟ್ಟಿಲ್ಲ."

ಅಣ್ಣನ ಮುಖದ ಮೇಲೆ ರಕ್ತ ಮರಳಿ ಬಂತು. ಕಾಸಿಲ್ದಾ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ಭಕ್ತಿಯಿಂದಲೇ ಕೇಳಿದಳು.

"ಬೇರೆ ಯಾರೂ ಸಿಗದಿದ್ದಾಗ, ಅಲ್ವಾ ಸ್ವಾಮಿ?"

"ಹೌದಮ್ಮ, ಆಗಲೇ."

"ಎದೆಲ್ಮಿರಾ ಕೂಗಳತೇಲೇ ಇದ್ದಳು. ಕರಿ ಅಂತ ಕೂಗಿದೆ. ಇವರು ಕರೀಲಿಲ್ಲ."

ಪಾದ್ರಿ ನನ್ನ ಕಡೆ ನೋಡಿದ. ನಾನೇನು ಹೇಳಲಿ? ಇದ್ದೆ. ಕೂಗು ಕೇಳಿಸಿತ್ತು. ಬರುತ್ತಿದ್ದೆ. ಹೆಂಡತಿಯ ಜೊತೆ ಏಳು ವರ್ಷ ಪುಸ್ತಕ ಹಿಡಿದು ವಾದ ಮಾಡಿದ ಅಣ್ಣನಿಗೆ ಅವಳು ಎಂಥ ತರ್ಕ ಕಲಿತಿದ್ದಳೆಂದು ಆಗ ತಿಳಿದಿರಬೇಕು. ಪಾದ್ರಿ, ಬಿಷಪ್ಪರಿಗೆ ಬರೆದು ಕೇಳೋಣ, ವಿನಾಯಿತಿ ಕೊಟ್ಟರೂ ಕೊಡಬಹುದು ಎಂದ.

"ಬಿಷಪ್ಪರು ಅಲ್ಲಿರಲಿಲ್ಲ ಸ್ವಾಮಿ. ನಾನಿದ್ದೆ," ಎಂದಳು. "ಇವರು ಹಾಕಿದ ನೀರು ನಿಜವಾದ ನೀರು ಆಗಿದ್ರೆ, ಇವರು ನನಗೆ ಕಂಪಾದ್ರೇನೆ. ಕಂಪಾದ್ರೆ ಅಲ್ಲ ಅಂದ್ರೆ ಆ ನೀರೂ ನಿಜವಾದ ನೀರಲ್ಲ, ಮಗಳು ನನಗೆ ಸಿಗಲ್ಲ. ಎರಡರಲ್ಲಿ ಒಂದು ಅಂದ್ರೆ ನನಗೆ ಮಗಳು ಸಾಕು."

ಹಾಗಲ್ಲಮ್ಮಾ, ಅದು ಬೇರೆ ಇದು ಬೇರೆ ಎಂದು ಪಾದ್ರಿ ಬಿಡಿಸಿ ಹೇಳಲು ಹೊರಟ. ಅವಳು ಕೇಳುತ್ತಿರಲಿಲ್ಲ.

ಮೇಷ್ಟ್ರು ಬಾಲ್ಬಿನೊಗೆ ಬುದ್ಧಿ ಬಂತು ಅಂದುಕೊಂಡಿರಾ? ಒಂದು ವಾರ ಕಳೆದ ಮೇಲೆ ಅಣ್ಣನ ಅಂಗಡಿಯ ಹಿಂದಿನ ಕೋಣೆಗೆ ಹೋದ. ಅಣ್ಣ ಈಗ ಅಲ್ಲೇ, ಶೀಶೆಗಳ ನಡುವೆ, ಮಡಚುವ ಮಂಚದ ಮೇಲೆ ಮಲಗುತ್ತಿದ್ದ.

"ಭಾವ, ಒಂದು ಉಪಾಯ ಇದೆ. ಬಿಷಪ್ಪರಿಂದ ವಿನಾಯಿತಿ ಬಂದಿದೆ ಅಂತ ನಾನೇ ಲ್ಯಾಟಿನ್‌ನಲ್ಲಿ ಒಂದು ಪತ್ರ ಬರೆದು ಕೊಡ್ತೀನಿ. ಕೆಂಪು ಅರಗಿನ ಮುದ್ರೆನೂ ಒತ್ತೋಣ. ಅವಳಿಗೇನು ಗೊತ್ತಾಗುತ್ತೆ? ಎಲ್ಲಾರೂ ಸುಖವಾಗಿರ್ತೀರಿ."

ಅಣ್ಣ ಮದ್ದು ಅರೆಯುತ್ತಿದ್ದವನು ತಲೆ ಎತ್ತಲಿಲ್ಲ. "ಮನೆಗೆ ಹೋಗು ಮೇಷ್ಟ್ರೇ," ಎಂದ ಅಷ್ಟೇ. ನನಗಂತೂ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಹೊಳೆಗೆ ತಳ್ಳಬೇಕು ಅನ್ನಿಸುತ್ತಿತ್ತು. ಒಬ್ಬ ಅವಳ ಮಾತು ಕೇಳಿದಂತೆ ನಟಿಸಿದ, ಇನ್ನೊಬ್ಬ ಅವಳಿಗಿಂತ ತನಗೇ ಚೆನ್ನಾಗಿ ಗೊತ್ತು ಅಂದುಕೊಂಡ. "ನೀನಲ್ಲ" ಎಂದು ಕಿರುಚಿದವಳನ್ನು ಯಾಕೆ ಎಂದು ಕೇಳಲು ಒಂದು ಉಸಿರು ಸಾಕಿತ್ತು.

ಒಂದು ದಿನ ನಾನೇ ಅಣ್ಣನನ್ನು ಕೇಳಿದೆ. "ಎಲ್ಲಾ ಬುರುಡೆ ಅಂತ ಭಾಷಣ ಬಿಗೀತಿದ್ಯಲ್ಲ, ಹೋಗಿ ಹೇಳು ಅವಳಿಗೆ. ಗಂಡ ಅಲ್ವಾ ನೀನು? ಕಾನೂನು ನಿನ್ನ ಕಡೆ ಇದೆ, ಈಗ ಪಾದ್ರೀನೂ ನಿನ್ನ ಕಡೆ."

"ಹೇಳ್ದೆ," ಎಂದ. "ರಾತ್ರಿಯಿಡೀ ಹೇಳ್ದೆ. ಅವಳು ಒಂದೇ ಮಾತು ಕೇಳಿದ್ಲು. ನೀವು ನೀರು ಹಾಕುವಾಗ ನಿಜವಾಗ್ಲೂ ಹಾಕಿದ್ರಾ, ಇಲ್ಲಾ ಬಾಲ್ಬಿನೊ ಥರ ನನ್ನ ಸಮಾಧಾನಕ್ಕಾ ಅಂತ."

"ನೀನೇನಂದೆ?"

"ನಿಜವಾಗ್ಲೂ ಹಾಕ್ದೆ ಅಂದೆ. ಹಾಗೇ ಹಾಕಿದ್ದೆ ಕಣೇ ಎದೆಲ್ಮಿರಾ. ಆ ಒಂದು ಗಳಿಗೆ."

ಆ ಶುಭ ಶುಕ್ರವಾರದ ನಂತರ ಚೌಕದಲ್ಲಿ ಕೆಂಡ ಹಾಕುವುದು ಬೇರೆಯವರ ಪಾಲಾಯಿತು. ಅಣ್ಣ ಚರ್ಚಿಗೂ ಹೋಗಲಿಲ್ಲ, ದೇವರಿದ್ದಾನೆ ಎಂದು ಯಾರ ಮುಂದೆಯೂ ಹೇಳಲಿಲ್ಲ. ಊರಿನ ಹೆಸರಿನಿಂದ ಸಂತಳನ್ನು ಬಿಡುವುದನ್ನೂ ನಿಲ್ಲಿಸಲಿಲ್ಲ. ಕಾಸಿಲ್ದಾ ಅದೇ ಮನೆಯಲ್ಲಿ ಉಳಿದಳು. ಅವನಿಗೆ ಅಡುಗೆ ಮಾಡಿದಳು, ಅಂಗಿಗೆ ಗುಂಡಿ ಹೊಲಿದಳು, ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂತಳು. ಅವರ ಜಗಳದ ಸದ್ದು ಮತ್ತೆ ಆ ಮನೆಯಿಂದ ಕೇಳಿಬರಲಿಲ್ಲ. ಮಕ್ಕಳೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ಅಲ್ಲಿಗೆ ಹೋದಾಗಲೆಲ್ಲ ಅದೇ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, ಲಂಗಕ್ಕೆ ಕೈ ಒರೆಸಿಕೊಂಡು, ಅಂಗಡಿಯ ಕಡೆ ಕೂಗುವಳು. "ಊಟಕ್ಕೆ ಬನ್ನಿ, ಕಂಪಾದ್ರೆ."

ಅಣ್ಣ ಕನ್ನಡಕ ತೆಗೆದಿಟ್ಟು ಎದ್ದು ನಿಲ್ಲುವನು.

"ಬಂದೆ, ಕಮಾದ್ರೆ."